ಧಾರೆ ಎರೆಯದೆ ಮಾರಿದ್ದು

ಅಣ್ಣ-ತಂಗಿಯ ಎರಡು ಫೋನು ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲಿದ್ದವು. ಒಂದೇ ಕಂಪನಿ, ಒಂದೇ ಮಾಡೆಲ್, ಬಣ್ಣವೂ ಒಂದೇ. ತಂಗಿಯ ಫೋನಿನ ಡಿಸ್‌ಪ್ಲೇ ಒಡೆದಿತ್ತು. ಅಣ್ಣನದ್ದು ಕಳೆದ ಆಟಿ ತಿಂಗಳಲ್ಲಿ ತೋಡಿಗೆ ಬಿದ್ದು ಬೋರ್ಡೇ ಹೋಗಿತ್ತು. ನರ್ಸಿಂಗ್ ಕಲಿಯುವ ಆ ಹುಡುಗಿ ಜಾಣೆ. "ಅಣ್ಣಾ, ಅವನದ್ದರ ಡಿಸ್‌ಪ್ಲೇ ತೆಗೆದು ನನ್ನದಕ್ಕೆ ಹಾಕ್ಲಿಕ್ಕೆ ಆಗ್ತದಾ?" ಎಂದು ಅವಳೇ ಕೇಳಿದಳು. ನಾನೂ ಅದನ್ನೇ ಹೇಳುವವನಿದ್ದೆ. ಮುಕ್ಕಾಲು ಗಂಟೆಯ ಕೆಲಸ. ಬಿಸಿ ತಟ್ಟೆಯ ಮೇಲಿಟ್ಟು ಅಂಟನ್ನು ಮೆತ್ತಗೆ ಮಾಡಿ, ತೆಳು ಪ್ಲಾಸ್ಟಿಕ್ ಬಿಲ್ಲೆಯಿಂದ ಸುತ್ತ ಎಬ್ಬಿಸಿ, ರಿಬ್ಬನ್ ಕಳಚಿ, ಅದನ್ನು ಇದಕ್ಕೆ ಕೂರಿಸಿದೆ. ಫೋನು ಹೊತ್ತಿತು. ಚಿತ್ರ ನೀಟಾಗಿ ಬಂತು. ಬೆನ್ನಿಗೇ ಒಂದು ಸೂಚನೆಯೂ ಬಂತು: ಈ ಬಿಡಿಭಾಗ ಅಸಲಿಯೋ ಅಲ್ಲವೋ ಗೊತ್ತಾಗುತ್ತಿಲ್ಲ. ಮುಖ ನೋಡಿ ಬೀಗ ತೆಗೆಯುವುದು ನಿಂತೇ ಹೋಯಿತು.

"ಎರಡೂ ನಮ್ಮದೇ ಅಲ್ವಾ ಅಣ್ಣಾ?"

ಹೌದು ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಪುತ್ತೂರಿನ ಈ ಗಲ್ಲಿಯಲ್ಲಿ 1992ರಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ರೇಡಿಯೋ, ಟೇಪ್‌ರೆಕಾರ್ಡರ್, ಟಿವಿ, ಈಗ ಮೊಬೈಲು. ಇಷ್ಟು ವರ್ಷದಲ್ಲಿ "ಇದು ಸರಿ ಆಗ್ತದಾ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ. "ಇದು ನಮ್ಮದೇ ಅಲ್ವಾ?" ಎಂದು ಕೇಳಿದವಳು ಇವಳೊಬ್ಬಳೇ. ಮೊದಲನೆಯ ಪ್ರಶ್ನೆಗೆ ಮೀಟರ್ ಹಿಡಿದರೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಯಾವ ಮೀಟರ್ ಹಿಡಿಯುವುದು?

ಒಳಗೆ ನಡೆಯುವುದು ಇಷ್ಟು. ಡಿಸ್‌ಪ್ಲೇಯ ಹಿಂದೆ, ರಿಬ್ಬನ್ನಿನ ಮೇಲೆ, ಅಕ್ಕಿಯ ನುಚ್ಚಿನಷ್ಟು ದೊಡ್ಡ ಐಸಿ ಒಂದಿರುತ್ತದೆ. ಅದರಲ್ಲೊಂದು ನಂಬರು. ಕಾರ್ಖಾನೆಯಲ್ಲಿ ಆ ನಂಬರನ್ನು ಬೋರ್ಡಿಗೆ ಪರಿಚಯ ಮಾಡಿಸಿರುತ್ತಾರೆ. ಆಮೇಲೆ ಬೇರೆ ನಂಬರಿನದ್ದು ಬಂದು ಕೂತರೆ, ಅದು ಅದೇ ಕಾರ್ಖಾನೆಯ ಒಡಹುಟ್ಟಿದ್ದೇ ಆಗಿದ್ದರೂ, ಬೋರ್ಡು ಗುರುತು ಹಿಡಿಯುವುದಿಲ್ಲ. ಗುರುತು ಹಿಡಿಸಬೇಕಾದರೆ ಕಂಪನಿಯ ಕಂಪ್ಯೂಟರು ದೂರದಿಂದ ಒಪ್ಪಿಗೆ ಕೊಡಬೇಕು. ನಮ್ಮವರು ಇದಕ್ಕೆ ಪೇರಿಂಗ್ ಎನ್ನುತ್ತಾರೆ. ಆ ನುಚ್ಚನ್ನು ಬಿಸಿಗಾಳಿಯಿಂದ ಎಬ್ಬಿಸಿ ಹಳೆಯದರಿಂದ ಹೊಸದಕ್ಕೆ ದಾಟಿಸುವ ಹುಡುಗರಿದ್ದಾರೆ. ನನ್ನ ಕಣ್ಣಿಗೆ ಈಗ ಐವತ್ತನಾಲ್ಕು. ಆ ಸಾಹಸ ನಾನು ಬಿಟ್ಟಿದ್ದೇನೆ.

ಅವಳು ಹೋದ ಮೇಲೆ ನನಗೆ ಅಪ್ಪನ ನೆನಪು ಬಂತು.

ಅಪ್ಪ ಕಂಚಿನ ಕೆಲಸದ ಆಚಾರಿ. ದೀಪ, ಗಂಟೆ, ಪ್ರಭಾವಳಿ ಇವೇ ಅವರ ಬದುಕು. 1984ರಲ್ಲಿ ನಮ್ಮ ಊರ ದೇವಸ್ಥಾನದಲ್ಲಿ ಬ್ರಹ್ಮಕಲಶ ಇತ್ತು. ನಮ್ಮ ಕಡೆಯ ಓದುಗರಿಗೆ ವಿವರಿಸುವುದು ಬೇಡ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಗರ್ಭಗುಡಿಯ ವಿಗ್ರಹವನ್ನು ಪೀಠಕ್ಕೆ ಕೂರಿಸುವುದು ಅಷ್ಟಬಂಧ ಎಂಬ ಅಂಟಿನಿಂದ. ಅರಗು, ಜೇನುಮೇಣ, ಕಾವಿ, ಬೆಣ್ಣೆ ಹೀಗೆ ಎಂಟು ದ್ರವ್ಯ ಸೇರಿಸಿ, ಬೆಣ್ಣೆಯ ಹದ ಬರುವವರೆಗೆ ಕುಟ್ಟಿ ಕುಟ್ಟಿ ಮಾಡುತ್ತಾರೆ. ಅದು ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಬಿರುಕು ಬಿಡುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ತೆಗೆದು ಹೊಸದು ಹಾಕಬೇಕೆಂಬುದು ರೂಢಿ; ಆಗ ನಡೆಯುವುದೇ ಬ್ರಹ್ಮಕಲಶ. ಅಂದರೆ ದೇವರನ್ನು ಕೂರಿಸುವಾಗಲೇ ಮುಂದೊಂದು ದಿನ ಎಬ್ಬಿಸಲಿಕ್ಕುಂಟು ಎಂಬುದನ್ನು ತಿಳಿದೇ ಕೂರಿಸಿದ್ದಾರೆ. ಫೋನಿನ ಅಂಟನ್ನು ಬಿಸಿ ಮಾಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಅಂಟು ಹಾಕಿದವನಿಗೆ ಎಬ್ಬಿಸುವವನ ಕನಸೂ ಬಿದ್ದಿರಲಿಕ್ಕಿಲ್ಲ.

ಆ ವರ್ಷ ಬಲಿಮೂರ್ತಿಯ ಕೆಲಸವೂ ಇತ್ತು. ಉತ್ಸವದಲ್ಲಿ ತಲೆಯ ಮೇಲೆ ಹೊತ್ತು ಸುತ್ತು ಬರುತ್ತಾರಲ್ಲ, ಆ ಸಣ್ಣ ಮೂರ್ತಿ. ಅದರ ಪ್ರಭಾವಳಿ ಬುಡದಲ್ಲಿ ಬಿಟ್ಟುಕೊಂಡು, ಹೊತ್ತು ಕುಣಿಯುವಾಗ ಅಲ್ಲಾಡುತ್ತಿತ್ತು. ಅಪ್ಪನಿಗೆ ಹೇಳಿ ಕಳಿಸಿದರು. ನನಗೆ ಹದಿಮೂರು ವರ್ಷ. ತಿದಿ ಒತ್ತಲಿಕ್ಕೆ ನಾನೇ.

ಮುಟ್ಟುವ ಮೊದಲು ಏನೆಲ್ಲ ನಡೆಯಿತು ಎಂಬುದನ್ನು ನಾನು ಮರೆತಿಲ್ಲ. ಕೆಲಸ ಶುರು ಮಾಡಲಿಕ್ಕೆ ದೇವರಲ್ಲಿ ಅಪ್ಪಣೆ ಕೇಳುವ ಅನುಜ್ಞಾ ಕಲಶ ಆಯಿತು. ಮೂರ್ತಿಯಲ್ಲಿದ್ದ ಚೈತನ್ಯವನ್ನು ತಂತ್ರಿಗಳು ಮಂತ್ರದಿಂದ ನೀರು ತುಂಬಿದ ಜೀವಕಲಶಕ್ಕೆ ಇಳಿಸಿದರು. ಕಲಶ ಬಾಲಾಲಯದಲ್ಲಿ, ಮರದ ಸಣ್ಣ ಗುಡಿಯಲ್ಲಿ, ಪೂಜೆಗೊಂಡಿತು. ಮೂರ್ತಿ ಬಾಳೆಎಲೆಯ ಮೇಲೆ ಅಪ್ಪನ ಮುಂದೆ ಬಂತು. ಅಪ್ಪ ಕೈ ಮುಗಿಯಲಿಲ್ಲ. ಬೆರಳಿನಿಂದ ಬುಡ ತಟ್ಟಿ ಸದ್ದು ಕೇಳಿದರು, ಹುಣಸೆ ಹುಳಿ ಹಾಕಿ ಕಿಲುಬು ತಿಕ್ಕಿದರು, ಬಿಳಿಗಾರ ನೀರಲ್ಲಿ ಕಲಸಿ ಸಂದಿಗೆ ಸವರಿದರು. ಇದ್ದಲು ಕೆಂಪಾಗುವವರೆಗೆ ನಾನು ತಿದಿ ಒತ್ತಿದೆ. ಬೆಸುಗೆಯ ಚೂರು ಮೊದಲು ಬೆವರಿದ ಹಾಗೆ ಆಗಿ, ಆಮೇಲೆ ಒಮ್ಮೆಲೇ ನೀರಾಗಿ ಸಂದಿಯೊಳಗೆ ಓಡಿತು. ಅಪ್ಪ "ಆಯ್ತು" ಎಂದರು, ಅಷ್ಟೇ.

ಎರಡು ದಿನ ಬಿಟ್ಟು ಪ್ರತಿಷ್ಠೆ ಆಯಿತು. ಅಪ್ಪ ಅಂಗಳದಲ್ಲಿ ಜನರ ನಡುವೆ ನಿಂತು, ಅಷ್ಟು ದೂರದಿಂದ, ಎರಡೂ ಕೈ ತಲೆಯ ಮೇಲೆತ್ತಿ ಮುಗಿದರು. ನಾನು ಕೇಳಿದೆ, "ಮೊನ್ನೆ ನೀವೇ ಮುಟ್ಟಿದ್ದಲ್ವಾ?"

"ಮೊನ್ನೆ ಅದು ಕೆಲಸ. ಇವತ್ತು ದೇವರು."

ಆಗ ನನಗೆ ಇದು ಅನ್ಯಾಯ ಎನಿಸಿತ್ತು, ಈಗಲೂ ಅರ್ಧ ಹಾಗೇ ಅನಿಸುತ್ತದೆ. ಆ ಅರ್ಧಕ್ಕೆ ಆಮೇಲೆ ಬರುತ್ತೇನೆ. ಇನ್ನರ್ಧ ಅರ್ಥವಾಗಲಿಕ್ಕೆ ನನಗೆ ಮೂವತ್ತು ವರ್ಷ ಹಿಡಿಯಿತು. ರಿಪೇರಿ ಮಾಡುವವನ ಕೈಗೆ ಜಾಗ ಬೇಕೆಂದು ದೇವರೇ ಕೊಂಚ ಹೊತ್ತು ಬದಿಗೆ ಸರಿದು ಕೂತಿದ್ದ. ಕೊಡದ ನೀರಿನಲ್ಲಿ ಕೂತು ಕಾದಿದ್ದ. ಅವನಿಗಿಂತ ದೊಡ್ಡವರು ಯಾರೂ ಇಲ್ಲವಲ್ಲ, ಅವನೇ ಸರಿದ ಮೇಲೆ ಫೋನು ಮಾಡಿದ ಕಂಪನಿಗೆ ಸರಿಯಲಿಕ್ಕೆ ಏನು ಕಷ್ಟ?

ಈ ಮಾತನ್ನು ನಾನು ನಮ್ಮ ದೇವಸ್ಥಾನದ ಭಟ್ಟರಿಗೆ ಹೇಳಿದೆ. ಚಾರ್ಜಿಂಗ್ ಪಿನ್ ಹಾಕಿಸಲಿಕ್ಕೆ ಬಂದಿದ್ದರು. ಅವರು ನಕ್ಕರು. "ಆಚಾರ್ರೇ, ನೀವು ಹೇಳಿದ್ದು ನಿಮಗೇ ತಿರುಗ್ತದೆ. ನಮ್ಮಲ್ಲಿಯೂ ಅಧಿಕಾರ ಅಂತ ಉಂಟಲ್ಲ. ಯಾರು ಬೇಕಾದರೂ ಒಳಗೆ ಬರ್ಲಿಕ್ಕುಂಟಾ? ಕಂಪನಿಯದ್ದೂ ಅದೇ ಲೆಕ್ಕ. ನಿಮಗೆ ಅಧಿಕಾರ ಇಲ್ಲ."

ಮಾತು ಚುಚ್ಚಿತು. ಯಾಕೆಂದರೆ ಸುಳ್ಳಲ್ಲ. ಮೂರ್ತಿ ಮಾಡಿದವನು ಪ್ರತಿಷ್ಠೆಯಾದ ಮೇಲೆ ಹೊಸ್ತಿಲ ಹೊರಗೆ. ನಮ್ಮ ಜಾತಿಗೆ ಅದು ಹೊಸ ಕಥೆಯಲ್ಲ. ನನಗಿಂತ ದೂರ ನಿಲ್ಲಬೇಕಾಗಿದ್ದವರ ಕಥೆ ಇನ್ನೂ ಕಹಿ. ದೇವಸ್ಥಾನವನ್ನು ತೋರಿಸಿ ಕಂಪನಿಗೆ ಬುದ್ಧಿ ಹೇಳುವ ಮುಂಚೆ ಆ ಬೀಗವನ್ನೂ ನೋಡಬೇಕು. ಒಪ್ಪಿದೆ. ಪಿನ್ ಹಾಕಿ ಮುಗಿಯುವವರೆಗೆ ನಾನು ಮಾತಾಡಲಿಲ್ಲ. ಆಮೇಲೆ ಕೇಳಿದೆ: "ಭಟ್ರೇ, ನೀವು ಗೃಹಪ್ರವೇಶ ಮಾಡಿಸ್ತೀರಿ. ಹೋಮ ಮುಗಿದು ದಕ್ಷಿಣೆ ಆದ ಮೇಲೆ ಆ ಮನೆಯ ಬಾಗಿಲಿಗೆ ಯಾವ ಚಿಲಕ ಹಾಕಬೇಕು, ಹಂಚು ಒಡೆದರೆ ಯಾರಿಂದ ಹೊದಿಸಬೇಕು ಅಂತ ನಿಮ್ಮನ್ನು ಕೇಳಲಿಕ್ಕುಂಟಾ?"

"ಅದು ಯಜಮಾನನ ಇಷ್ಟ."

"ಈ ಫೋನಿನ ಯಜಮಾನ ಯಾರು?"

ಭಟ್ಟರು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ನನ್ನ ಹತ್ತಿರ ನೂರೈವತ್ತು ರೂಪಾಯಿಗೆ ಚೌಕಾಸಿ ಮಾಡುವುದು ಮಾತ್ರ ಮರೆಯಲಿಲ್ಲ.

ಯಜಮಾನ ಎಂದರೆ ನಮ್ಮಲ್ಲಿ ಈಗ ಮನೆಯ ಗಂಡಸು ಎಂದಾಗಿದೆ. ಮೂಲದಲ್ಲಿ ಯಜ್ಞ ಮಾಡಿಸುವವನು. ಅವನ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ: ಅಗ್ನಿಗೆ ಹಾಕುವಾಗ ಪ್ರತಿ ಸಲವೂ 'ನ ಮಮ', ಇದು ನನ್ನದಲ್ಲ, ಎನ್ನಬೇಕು. ತುಪ್ಪ ಸುರಿದರಷ್ಟೇ ಸಾಲದು. ಕೈಬಿಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು. ದಾನಕ್ಕೂ ಹಾಗೆಯೇ. ಹಸು ಕೊಡಲಿ, ಭೂಮಿ ಕೊಡಲಿ, ಕೈಯ ಮೇಲೆ ನೀರು ಬಿಟ್ಟು ಧಾರೆ ಎರೆದು ಕೊಡಬೇಕು. ಹಳೆಯ ಎಷ್ಟೋ ಶಾಸನಗಳಲ್ಲಿ ಗದ್ದೆ ಬಿಟ್ಟುಕೊಟ್ಟಲ್ಲಿ ಧಾರಾಪೂರ್ವಕ ಎಂಬ ಪದ ಬರುವುದು ಅದಕ್ಕೇ. ನೀರು ಬಿದ್ದ ಮೇಲೆ ಕೊಟ್ಟವನ ಹಿಡಿತ ಮುಗಿಯಿತು. ಮತ್ತೆ ಆ ಹಸು ಎಷ್ಟು ಹಾಲು ಕೊಡುತ್ತದೆ ಎಂದು ಇಣುಕಲಿಕ್ಕಿಲ್ಲ. ಮದುವೆಯಲ್ಲಿ ಹೆಣ್ಣನ್ನು ಧಾರೆ ಎರೆಯುವುದರ ಬಗ್ಗೆ ನನ್ನ ಮಗಳು ಬೇರೆಯೇ ಮಾತಾಡುತ್ತಾಳೆ; ಅವಳು ಹೇಳುವುದೇ ಸರಿ, ಮನುಷ್ಯರು ಧಾರೆ ಎರೆಯುವ ವಸ್ತುವಲ್ಲ. ಆದರೆ ಟಿವಿ ವಸ್ತುವೇ ತಾನೆ? ಅದನ್ನಾದರೂ ಎರೆಯಬೇಕಿತ್ತು.

ಹಳೆಯ ಕಾಲದಲ್ಲಿ ಎರೆಯುತ್ತಿದ್ದರು ಎಂದೇ ಹೇಳುತ್ತೇನೆ. ನಾನು ಐಟಿಐ ಮುಗಿಸಿ ಕೆಲಸ ಕಲಿಯುವಾಗ ಹೊಸ ಟಿವಿಯ ಡಬ್ಬದಲ್ಲಿ ವಾರಂಟಿ ಚೀಟಿಯ ಜೊತೆ ಮಡಚಿದ ದೊಡ್ಡ ಹಾಳೆಯೊಂದು ಬರುತ್ತಿತ್ತು. ಸರ್ಕಿಟ್ ಚಿತ್ರ. ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟು ಇರಬೇಕು ಎಂಬುದೂ ಅದರಲ್ಲೇ. ಕೊಂಡವನಿಗೆ ಅದು ಓದಲಿಕ್ಕೆ ಬಾರದು, ಅಡುಗೆಮನೆಯ ಡಬ್ಬಿಯ ತಳಕ್ಕೆ ಹಾಸುತ್ತಿದ್ದರು. ಎಷ್ಟೋ ಸಲ ನಾನು ಆ ಡಬ್ಬಿ ತೆಗೆಸಿ, ಮೆಣಸಿನ ಪುಡಿ ಕೊಡವಿ, ಚಿತ್ರ ನೋಡಿ ಟಿವಿ ಸರಿ ಮಾಡಿದ್ದೇನೆ. ನನ್ನ ಮಟ್ಟಿಗೆ ಆ ಹಾಳೆಯೇ ಕಂಪನಿ ಎರೆದ ನೀರು.

ಈಗ ಟಿವಿ ಹೇಗೆ ಹೋಗುತ್ತದೆ ನೋಡಿ. ಕಳೆದ ವರ್ಷ ಮೇ ತಿಂಗಳಲ್ಲಿ, ಸಿಡಿಲಿನ ದಿನಗಳು, ಉಪ್ಪಿನಂಗಡಿ ಕಡೆಯ ಅಡಿಕೆ ಕೃಷಿಕರೊಬ್ಬರು ನಲವತ್ತಮೂರು ಇಂಚಿನ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ತಂದರು. ಸದ್ದು ಉಂಟು, ಚಿತ್ರ ಇಲ್ಲ. ಕಂಪನಿಯ ಸರ್ವಿಸಿನವರು ಬಂದು ನೋಡಿ, ಪ್ಯಾನೆಲ್ ಹೋಗಿದೆ, ಹೊಸ ಟಿವಿಯ ಮುಕ್ಕಾಲು ಪಾಲು ಆಗ್ತದೆ ಎಂದು ಬರೆದು ಕೊಟ್ಟಿದ್ದರಂತೆ. ನಾನು ಅಂಗಡಿಯ ಲೈಟು ಆರಿಸಿ ಪರದೆಗೆ ಟಾರ್ಚು ಓರೆಯಾಗಿ ಹಿಡಿದೆ. ಕಪ್ಪು ಗಾಜಿನೊಳಗೆ, ಬಾವಿಯ ತಳದಲ್ಲಿ ಕಂಡ ಹಾಗೆ, ವಾರ್ತೆ ಓದುವ ಹೆಂಗಸು ಕಂಡಳು. ಚಿತ್ರ ಇದೆ, ಹಿಂದಿನ ಬೆಳಕು ಇಲ್ಲ. ನೆಲಕ್ಕೆ ದಪ್ಪ ಚಾದರ ಹಾಸಿ, ಇಬ್ಬರು ಹಿಡಿದು ಪರದೆಯನ್ನು ಎತ್ತಿ ಇಟ್ಟೆವು. ಸ್ವಲ್ಪ ಬಾಗಿದರೂ ಅದು ಮುಗಿಯಿತು. ಒಳಗೆ ಎಲ್‌ಇಡಿ ಪಟ್ಟಿಗಳು. ಸೀರಿಯಲ್ ಸೆಟ್ಟಿನ ಹಾಗೆ ಒಂದಕ್ಕೊಂದು ಕೊಂಡಿ. ಒಂದು ಸತ್ತರೆ ಸಾಲೇ ಕತ್ತಲೆ. ಮೀಟರಿನಲ್ಲಿ ಒಂದೊಂದೇ ಮುಟ್ಟುತ್ತಾ ಹೋದೆ. ಎರಡು ಸತ್ತಿದ್ದವು.

ಆ ಮಾಡೆಲಿನ ಪಟ್ಟಿಯನ್ನು ಕಂಪನಿಯವರು ನನಗೆ ಮಾರುವುದಿಲ್ಲ. ಅವರ ಲೆಕ್ಕದಲ್ಲಿ ಪಟ್ಟಿ ಎಂಬುದು ಬಿಡಿಭಾಗವೇ ಅಲ್ಲ, ಇಡೀ ಪ್ಯಾನೆಲೇ ಒಂದು ಭಾಗ. ಬೆಂಗಳೂರಿನ ಎಸ್‌.ಪಿ. ರೋಡಿನ ಪರಿಚಯದವರಿಗೆ ಫೋಟೋ ಕಳಿಸಿದೆ. ಮೂರನೆಯ ದಿನ ಬೆಳಿಗ್ಗೆ ರಾತ್ರಿ ಬಸ್ಸಿನ ಪಾರ್ಸಲಿನಲ್ಲಿ, ಪ್ಲಾಸ್ಟಿಕ್ ಪೈಪಿನೊಳಗೆ ತುರುಕಿ, ಪಟ್ಟಿ ಬಂತು. ಅಸಲಿಯೇ ಎಂದು ಕೇಳಬೇಡಿ. ಅಳತೆ ಸರಿ ಇತ್ತು, ವೋಲ್ಟು ಸರಿ ಇತ್ತು. ಟಿವಿ ಇವತ್ತಿಗೂ ಓಡುತ್ತಾ ಇದೆ. ನಾನು ತೆಗೆದುಕೊಂಡದ್ದು ಒಟ್ಟು ಎರಡು ಸಾವಿರದ ಇನ್ನೂರು.

ಕಂಪನಿಯವರ ಕಡೆಯ ಮಾತೂ ಉಂಟು. ಅದನ್ನು ನುಂಗಿ ಬರೆದರೆ ಕೆಲಸಕ್ಕೆ ಮೋಸ. ಕದ್ದ ಫೋನುಗಳನ್ನು ಬಿಡಿಸಿ ಬಿಡಿಭಾಗ ಮಾರುವವರಿದ್ದಾರೆ. ನಂಬರು ಹೊಂದಿಸಿದರೆ ಆ ವ್ಯಾಪಾರ ಕಷ್ಟವಾಗುತ್ತದೆ, ನಿಜ. ಕಳಪೆ ಬ್ಯಾಟರಿಯಿಂದ ಅಪಾಯ ಎಂಬ ಮಾತು ಇನ್ನೂ ನಿಜ. ಆರೇಳು ವರ್ಷದ ಹಿಂದೆ ನಾನೇ ಅಗ್ಗದ ಬ್ಯಾಟರಿ ಒಂದನ್ನು ಹಾಕಿ ಕೊಟ್ಟಿದ್ದೆ; ಎರಡೇ ತಿಂಗಳಲ್ಲಿ ಅದು ಹಪ್ಪಳದ ಹಾಗೆ ಉಬ್ಬಿ, ಡಿಸ್‌ಪ್ಲೇಯನ್ನೇ ಎತ್ತಿಬಿಟ್ಟಿತು. ಆ ಮನೆಯಲ್ಲಿ ಫೋನು ತೊಟ್ಟಿಲ ಪಕ್ಕ ಇಡುತ್ತಿದ್ದರು. ಆ ಸಂಗತಿ ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅಂದಿನಿಂದ ಆ ಬ್ಯಾಟರಿ ತರಿಸಿಲ್ಲ. ಆದರೆ ಒಂದು ಕೇಳಬೇಕು: ನಾನು ಆ ಕೆಟ್ಟ ಬ್ಯಾಟರಿ ಯಾಕೆ ಹಾಕಿದೆ? ಒಳ್ಳೆಯದನ್ನು ನನಗೆ ಮಾರುವವರು ಇರಲಿಲ್ಲ. ಬಾವಿಗೆ ಬೀಗ ಹಾಕಿದವನೇ, ಈ ಜನ ಕೆರೆ ನೀರು ಕುಡಿಯುತ್ತಾರೆ ಎಂದು ಹೇಸಿಕೊಂಡ ಹಾಗಾಯಿತು. ಕಳ್ಳತನದ್ದೂ ಅಷ್ಟೇ. ಆ ಹುಡುಗಿಯ ಹತ್ತಿರ ಎರಡೂ ಫೋನಿನ ಬಿಲ್ಲಿತ್ತು. ಬಿಲ್ಲು ನೋಡಿ ಒಪ್ಪಿಗೆ ಕೊಡಲಿಕ್ಕೆ ಒಂದು ದಾರಿ ಇಟ್ಟರೆ ಕಳ್ಳನಿಗೆ ಏನು ಲಾಭ?

ಹೊರಗಿನ ದೇಶಗಳಲ್ಲಿ ದಾರಿ ಬಿಡಿಸಿಕೊಂಡಿದ್ದಾರೆ. ಅಮೆರಿಕದ ಓರೆಗನ್ ರಾಜ್ಯ 2024ರಲ್ಲಿ ಈ ಪೇರಿಂಗಿಗೇ ಕಾನೂನಿನ ತಡೆ ತಂದಿತು. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾಡೆಲಿನ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕೆಂಬ ನಿಯಮ ಬಂತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಯಾವ ವಸ್ತು ಎಷ್ಟು ಸುಲಭಕ್ಕೆ ರಿಪೇರಿ ಆಗುತ್ತದೆ ಎಂದು ಅಂಕ ಕೊಡುವ ಬಗ್ಗೆ ಮತ್ತೊಂದು ಸಮಿತಿ 2025ರಲ್ಲಿ ವರದಿ ಕೊಟ್ಟಿದೆ. ಅಂಕ ಕೊಡಲಿ, ಬೇಡವೆನ್ನುವುದಿಲ್ಲ. ನನಗೆ ಬೇಕಾದದ್ದು ಎಲ್‌ಇಡಿ ಪಟ್ಟಿ, ಬ್ಯಾಟರಿ ಮತ್ತು ಆ ಮಡಚಿದ ಹಾಳೆ.

ನಮ್ಮ ಬೀದಿಯಲ್ಲಿ ನಿವೃತ್ತ ಮಾಷ್ಟ್ರೊಬ್ಬರಿದ್ದಾರೆ. ಸಂಜೆ ಬಂದು ಪೇಪರ್ ಓದುತ್ತಾರೆ. ನನ್ನ ತಕರಾರು ಕೇಳಿ ಅವರೆಂದದ್ದು: "ಇದೆಲ್ಲ ನನ್ನದು ಎನ್ನುವ ಭ್ರಮೆ ಮಾರಾಯ್ರೇ. ಈ ದೇಹವೇ ನಮ್ಮದಲ್ಲ. ಫೋನು ನಿಮ್ಮದಲ್ಲದಿದ್ದರೆ ವೈರಾಗ್ಯ ಸುಲಭ ಆಯ್ತು ಅಂತ ತಿಳ್ಕೊಳ್ಳಿ." ಮಾತು ಕೇಳಲಿಕ್ಕೆ ಚಂದ. ಜೈನ ಬಸದಿಗಳ ಊರಾದ ಮೂಡುಬಿದಿರೆಯ ಸುತ್ತ ಬೆಳೆದವರಿಗೆ ಅಪರಿಗ್ರಹ, ಏನನ್ನೂ ನನ್ನದೆಂದು ಹಿಡಿಯದಿರುವುದು, ಹೊಸ ಪದವೂ ಅಲ್ಲ. ಆದರೆ ನನಗೆ ಇದರಲ್ಲಿ ಏನೋ ಡ್ರೈ ಸೋಲ್ಡರ್ ಕಂಡಿತು. ಡ್ರೈ ಸೋಲ್ಡರ್ ಎಂದರೆ ಮೇಲಿನಿಂದ ನೋಡಿದರೆ ಪಿನ್ನು ಹಿಡಿದ ಹಾಗೇ ಇರುತ್ತದೆ. ಭೂತಗನ್ನಡಿ ಹಿಡಿದರೆ ಸುತ್ತ ಕೂದಲೆಳೆಯಷ್ಟು ಬಿರುಕಿನ ಉಂಗುರ ಕಾಣುತ್ತದೆ. ವೈರಾಗ್ಯದಲ್ಲಿ ಬಿಡುವವನು ನಾನು. ಇಲ್ಲಿ ನಾನು ದುಡ್ಡು ಕೊಟ್ಟು ಕೊಂಡಿದ್ದೇನೆ, ಬಿಡದೆ ಹಿಡಿದುಕೊಂಡವನು ಮಾರಿದವನು. ವೈರಾಗ್ಯದ ಪಾಠ ಬೇಕಾದದ್ದು ಅವನಿಗಲ್ಲವೇ? 'ನ ಮಮ' ಎನ್ನಬೇಕಾದವನು ಯಾರು? ಮಾಷ್ಟ್ರು ಕ್ರೀಡಾಪುಟ ತಿರುಗಿಸಿದರು. ಅವರ ಶ್ರವಣಯಂತ್ರವನ್ನು ಎರಡು ಸಲ ನಾನೇ ಸರಿ ಮಾಡಿದ್ದು. ದೇಹವೂ ನಮ್ಮದಲ್ಲ ಎನ್ನುವವರು ಕಿವಿಯದ್ದನ್ನು ರಿಪೇರಿಗೆ ತಂದಿದ್ದರು ಎಂಬುದನ್ನು ನಾನು ಅವರಿಗೆ ನೆನಪಿಸಲಿಲ್ಲ.

ಹುಡುಗಿ ತಿಂಗಳ ಹಿಂದೆ ಮತ್ತೆ ಬಂದಿದ್ದಳು, ಅವಳ ಅಮ್ಮನ ಮಿಕ್ಸಿ ಹಿಡಿದುಕೊಂಡು. ಫೋನು ಓಡುತ್ತಿದೆ, ಆ ಸೂಚನೆಯೂ ಇನ್ನೂ ಇದೆ. ಅವಳು ಈಗ ಮುಖ ತೋರಿಸುವುದು ಬಿಟ್ಟು ನಂಬರು ಒತ್ತಿ ಬೀಗ ತೆಗೆಯುತ್ತಾಳೆ. ಅವಳ ಪ್ರಶ್ನೆಗೆ ನಾನು ಬಾಕಿ ಇಟ್ಟಿದ್ದ ಉತ್ತರವನ್ನು ಆವತ್ತು ಕೊಟ್ಟೆ. "ಕೊಂಡದ್ದು ನೀವೇ. ಅವರು ಇನ್ನೂ ಕೈಬಿಟ್ಟಿಲ್ಲ." ಅವಳಿಗೆ ಅರ್ಥವಾಯಿತೋ ಇಲ್ಲವೋ, ಮಿಕ್ಸಿಯ ಕಾರ್ಬನ್ ಬ್ರಷ್ ಎಷ್ಟಾಗ್ತದೆ ಎಂದು ಕೇಳಿದಳು.

ಬರುವ ಸುಗ್ಗಿ ತಿಂಗಳಲ್ಲಿ ನಮ್ಮ ದೇವಸ್ಥಾನದಲ್ಲಿ ಮತ್ತೆ ಬ್ರಹ್ಮಕಲಶ. ಅಪ್ಪ ಈಗಿಲ್ಲ, ಅವರು ಹಾಕಿದ ಬೆಸುಗೆ ಬಿಟ್ಟಿಲ್ಲ. ನನಗೆ ಬಂದಿರುವುದು ಮೈಕ್ ಸೆಟ್ಟಿನ ಕೆಲಸ. ಹಳೆಯ ಎಂಪ್ಲಿಫಯರ್, ಕಬ್ಬಿಣದ ಪೆಟ್ಟಿಗೆ, ನಾಲ್ಕು ಸಾದಾ ಸ್ಕ್ರೂ. ಮುಚ್ಚಳದ ಒಳಗೆ ಸರ್ಕಿಟ್ ಚಿತ್ರ ಅಂಟಿಸಿದ್ದಾರೆ, ಒಂದು ಮೂಲೆ ಹುಳ ತಿಂದದ್ದು ಬಿಟ್ಟರೆ ಚೆನ್ನಾಗಿದೆ. ಎರಡು ಕಂಡೆನ್ಸರಿನ ತಲೆ ಉಬ್ಬಿದೆ, ಬದಲಿಸಬೇಕು. ಬುಧವಾರ ಕೊಡ್ತೇನೆ ಎಂದು ಭಟ್ಟರಿಗೆ ಹೇಳಿದ್ದೇನೆ.